ವರದಿ ಓದಿ ಹೇಳುವವರು ಯಾರು?

ಜೀನ್ ಪರೀಕ್ಷೆಯ ವರದಿಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ತಪ್ಪದೆ ಇರುತ್ತದೆ. ಪುಟಗಟ್ಟಲೆ ಇಂಗ್ಲಿಷಿನಲ್ಲಿ ವಂಶವಾಹಿಯ ಹೆಸರು, ಅದರೊಳಗಿನ ಬದಲಾವಣೆಯ ಸಂಕೇತ, ‘ಹೋಮೋಝೈಗಸ್’, ‘ಆಟೋಸೋಮಲ್ ರಿಸೆಸಿವ್’, ‘ಲೈಕ್ಲಿ ಪ್ಯಾಥೋಜೆನಿಕ್’ ಎಂಬ ಮಾತುಗಳು. ಎಲ್ಲ ಮುಗಿದ ಮೇಲೆ ಕೊನೆಗೆ, ‘ಜೆನೆಟಿಕ್ ಕೌನ್ಸೆಲಿಂಗ್ ಪಡೆಯುವುದು ಸೂಕ್ತ’ ಎಂಬ ಸಲಹೆ. ಕೊಪ್ಪಳದಿಂದಲೋ ಸಿಂದಗಿಯಿಂದಲೋ ಮಗುವನ್ನು ಎತ್ತಿಕೊಂಡು ಬಂದು, ಸಾಲ ಮಾಡಿ ಪರೀಕ್ಷೆ ಮಾಡಿಸಿದ ತಂದೆತಾಯಿ ಆ ಸಲಹೆಯನ್ನು ಪಾಲಿಸಬೇಕೆಂದರೆ ಎಲ್ಲಿಗೆ ಹೋಗಬೇಕು? ಬೆಂಗಳೂರು, ಮಣಿಪಾಲದಂಥ ಕೆಲವೇ ಊರುಗಳ ದೊಡ್ಡ ಆಸ್ಪತ್ರೆಗಳಿಗೆ. ಅವರ ಜಿಲ್ಲಾಸ್ಪತ್ರೆಯಲ್ಲಿ ಅಂಥದ್ದೊಂದು ಹುದ್ದೆಯೇ ಇಲ್ಲ.

ತಳಿವಿಜ್ಞಾನ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೊಸ ಸಂಶೋಧನೆಯ ಕಾರಣಕ್ಕೆ, ಇಲ್ಲವೇ ಕೋಟಿಗಟ್ಟಲೆ ಬೆಲೆಯ ಚುಚ್ಚುಮದ್ದಿಗಾಗಿ ಹಣ ಎತ್ತುವ ಕುಟುಂಬವೊಂದರ ಕಾರಣಕ್ಕೆ. ಈ ಎರಡರ ನಡುವಿನ ದೊಡ್ಡ ಖಾಲಿ ಜಾಗ ಸುದ್ದಿಯಾಗುವುದಿಲ್ಲ. ಕುಟುಂಬದ ಎದುರು ಕೂತು, ಅವರ ಭಾಷೆಯಲ್ಲಿ, ಅವರಿಗೆ ತಿಳಿಯುವ ತನಕ ಮಾತಾಡುವ ಆಪ್ತಸಮಾಲೋಚಕರು ನಮ್ಮಲ್ಲಿ ಸಾಕಷ್ಟಿಲ್ಲ. ಸರ್ಕಾರ ಈ ಹುದ್ದೆಯನ್ನು ಜಿಲ್ಲಾ ಮಟ್ಟದಲ್ಲಿ ಸೃಷ್ಟಿಸದಿದ್ದರೆ, ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಕೆಲಸದ ಬಹುಪಾಲು ಜನರ ಪಾಲಿಗೆ ಇದ್ದೂ ಇಲ್ಲದಂತೆಯೇ ಎಂಬುದು ನನ್ನ ವಾದ.

ಆ ಕೆಲಸವೇನೂ ಸಣ್ಣದಲ್ಲ. ಮನುಷ್ಯನ ಜೀನೋಮನ್ನು ಓದುವ ಅಂತರರಾಷ್ಟ್ರೀಯ ಯೋಜನೆಗೆ 1990ರಿಂದ 2003ರವರೆಗೆ 13 ವರ್ಷ ಹಿಡಿಯಿತು, ಸುಮಾರು 300 ಕೋಟಿ ಡಾಲರ್ ಖರ್ಚಾಯಿತು. ಅದರಲ್ಲಿ ಭಾರತ ಪಾಲುದಾರ ದೇಶವಾಗಿರಲಿಲ್ಲ. 2020ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಆರಂಭಿಸಿದಾಗ ಅದರ ಮುಂದಾಳತ್ವ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರಕ್ಕೆ. 20 ಸಂಸ್ಥೆಗಳು ಕೈಜೋಡಿಸಿ, ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮ್ ಓದಿದವು. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಫರಿದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆದಿಡಲಾಯಿತು. ಅದರಲ್ಲಿ ಸಿಕ್ಕ ವ್ಯತ್ಯಾಸಗಳು ಸುಮಾರು 18 ಕೋಟಿ.

ಇದರಿಂದ ರೋಗಿಗೇನು ಲಾಭ? ಲಾಭವಿದೆ. ಇಷ್ಟು ದಿನ ನಮ್ಮವರ ವರದಿಗಳನ್ನು ಯೂರೋಪಿಯನ್ ಮೂಲದವರ ದತ್ತಾಂಶದ ಜೊತೆ ಹೋಲಿಸುತ್ತಿದ್ದೆವು. ಅಲ್ಲಿ ಅಪರೂಪವಾದದ್ದು ಇಲ್ಲಿ ಸಾಮಾನ್ಯವಾಗಿರಬಹುದು, ಅಲ್ಲಿ ಕಾಣದೇ ಇದ್ದದ್ದು ಇಲ್ಲಿ ಕಾಯಿಲೆಯ ಮೂಲವಾಗಿರಬಹುದು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ‘ಎಂವೈಬಿಪಿಸಿ3’ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪವಿದೆ. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಯಲ್ಲಿ ಅದು ಇದೆ ಎಂದೂ, ವಯಸ್ಸಾದಂತೆ ಹೃದಯ ಸೋಲುವ ಅಪಾಯ ಅದರಿಂದ ಹೆಚ್ಚುತ್ತದೆ ಎಂದೂ 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೇರೆಡೆ ಅದು ಕಾಣುವುದೇ ಅಪರೂಪ. ವರದಿಗಳಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬರುವ ಸಾಲುಗಳು ಕಡಿಮೆಯಾಗಬೇಕಾದರೆ ನಮ್ಮದೇ ದತ್ತಾಂಶ ಬೇಕು. ಆ ದಿಕ್ಕಿನಲ್ಲಿ ಹೆಜ್ಜೆ ಸರಿಯಾಗಿಯೇ ಬಿದ್ದಿದೆ.

ಉದ್ಯೋಗಗಳೂ ಇದೇ ಜಾಡಿನಲ್ಲಿ ಬೆಳೆದಿವೆ. ಜೀನೋಮ್ ಓದುವ ಕಂಪನಿಗಳು ಬೆಂಗಳೂರಿನಲ್ಲಿವೆ. ಎನ್‌ಸಿಬಿಎಸ್, ಇನ್‌ಸ್ಟೆಮ್, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಐಬಿಎಬಿ ಎಲ್ಲವೂ ಇಲ್ಲೇ ಇವೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಹಣ್ಣುನೊಣದ ಮೇಲಿನ ಸಂಶೋಧನೆಗೆ ದಶಕಗಳ ಪರಂಪರೆಯೇ ಇದೆ. ಆದರೂ ರಾಜ್ಯದಲ್ಲಿ ಪ್ರತಿವರ್ಷ ಜೆನೆಟಿಕ್ಸ್, ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ ಮುಗಿಸುವವರ ಮುಂದೆ ಇರುವ ದಾರಿಗಳು ಎಣಿಸಿದಷ್ಟೇ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಒಲಿದವರು ಬಯೋಇನ್‌ಫರ್ಮ್ಯಾಟಿಕ್ಸ್ ಹಿಡಿಯುತ್ತಾರೆ. ಫೆಲೋಶಿಪ್ ಸಿಕ್ಕವರು ಪಿಎಚ್‌.ಡಿಗೆ ಸೇರುತ್ತಾರೆ. ಉಳಿದವರಲ್ಲಿ ಎಷ್ಟೋ ಮಂದಿ ಮೆಡಿಕಲ್ ಕೋಡಿಂಗ್, ಔಷಧ ಮಾರಾಟ, ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆ ಎಂದು ಚದುರಿಹೋಗುತ್ತಾರೆ. ಒಂದು ಕಡೆ ವಿಷಯ ಬಲ್ಲ, ಕನ್ನಡ ಬಲ್ಲ ಯುವಕ ಯುವತಿಯರು ಕೆಲಸಕ್ಕಾಗಿ ಅಲೆಯುತ್ತಿದ್ದಾರೆ. ಇನ್ನೊಂದು ಕಡೆ ವರದಿ ಹಿಡಿದ ಕುಟುಂಬಗಳು ತಿಳಿಸಿ ಹೇಳುವವರಿಗಾಗಿ ಅಲೆಯುತ್ತಿವೆ. ಇಬ್ಬರೂ ಒಂದೆಡೆ ಸೇರಬಹುದಾದ ವೃತ್ತಿಯೇ ಜೆನೆಟಿಕ್ ಕೌನ್ಸೆಲಿಂಗ್.

ಜಗತ್ತಿಗೆ ಈ ವೃತ್ತಿ ಹೊಸದಲ್ಲ. ಇದಕ್ಕೆಂದೇ ಮೊದಲ ಸ್ನಾತಕೋತ್ತರ ಕೋರ್ಸ್ 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಶುರುವಾಯಿತು. ಅಮೆರಿಕದಲ್ಲಿ ಇಂದು ಪ್ರಮಾಣಪತ್ರ ಪಡೆದ ಜೆನೆಟಿಕ್ ಕೌನ್ಸೆಲರ್‌ಗಳು 5,000ಕ್ಕೂ ಹೆಚ್ಚಿದ್ದಾರೆ. ಅದರ ನಾಲ್ಕು ಪಟ್ಟಿಗೂ ಮಿಕ್ಕಿ ಜನರಿರುವ ಭಾರತದಲ್ಲಿ ತರಬೇತಾದವರ ಸಂಖ್ಯೆ ಇನ್ನೂ ನೂರರ ಲೆಕ್ಕದಲ್ಲೇ ಇದೆ. ಮಣಿಪಾಲವೂ ಸೇರಿದಂತೆ ಕೆಲವೇ ಕಡೆ ಕೋರ್ಸ್‌ಗಳಿವೆ. ಕಲಿತು ಬಂದವರನ್ನು ಕರೆದುಕೊಳ್ಳುವವರೂ ಹೆಚ್ಚಾಗಿ ಖಾಸಗಿ ಪ್ರಯೋಗಾಲಯಗಳೇ. ಪರೀಕ್ಷೆ ಮಾರುವ ಸಂಸ್ಥೆಯ ಸಂಬಳ ಪಡೆಯುವವರು ‘ಈ ಪರೀಕ್ಷೆ ನಿಮಗೆ ಬೇಡ’ ಎಂದು ಹೇಳುವುದು ಸುಲಭವಲ್ಲ. ಸಾರ್ವಜನಿಕ ಹುದ್ದೆ ಬೇಕು ಎನ್ನಲು ಇದೂ ಒಂದು ಕಾರಣ.

ಈ ಆಪ್ತಸಮಾಲೋಚಕರು ಮಾಡುವುದಾದರೂ ಏನು? ಮೊದಲು ಒಂದು ಬಿಳಿ ಹಾಳೆ ತೆಗೆದುಕೊಂಡು ವಂಶವೃಕ್ಷ ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇರುವವರ ಗುರುತನ್ನು ತುಂಬುತ್ತಾರೆ, ತೀರಿಕೊಂಡವರ ಗುರುತಿನ ಮೇಲೆ ಓರೆಗೆರೆ ಎಳೆಯುತ್ತಾರೆ. ಗಂಡಹೆಂಡತಿಯನ್ನು ಕೂಡಿಸುವುದು ಒಂದು ಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಎರಡು ಗೆರೆ. ಕರ್ನಾಟಕದಲ್ಲಿ ಬರೆಯುವ ಹಾಳೆಗಳಲ್ಲಿ ಆ ಜೋಡಿಗೆರೆ ಪದೇ ಪದೇ ಬರುತ್ತದೆ. ಮೂರು ತಲೆಮಾರಿನಷ್ಟು ಬರೆಯುವ ಹೊತ್ತಿಗೆ ಯಾರೂ ಹೇಳದೆ ಉಳಿದಿದ್ದ ಸಂಗತಿಗಳು ಹೊರಬರುತ್ತವೆ: ಅಜ್ಜಿಗೆ ಹುಟ್ಟಿ ತೀರಿಕೊಂಡ ಎರಡು ಕೂಸು, ‘ಗಾಳಿ ಸೋಕಿ’ ನಡೆಯಲಾಗದೆ ಉಳಿದ ಚಿಕ್ಕಪ್ಪ, ಮದುವೆಯಾಗದೆ ಉಳಿದ ಅತ್ತೆ.

ಆಮೇಲೆ ಮಾತು. ಸುಪ್ತ ಕಾಯಿಲೆಯೆಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಕಡೆಯಿಂದ ದೋಷವಿರುವ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ. ಇಬ್ಬರೂ ಅಂಥ ಒಂದು ಪ್ರತಿಯನ್ನಷ್ಟೇ ಹೊತ್ತ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಅದು ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಕೇಳಿದ ಎಷ್ಟೋ ದಂಪತಿ ‘ಒಂದು ಮಗು ಹೀಗಾಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ’ ಎಂದುಕೊಳ್ಳುತ್ತಾರೆ. ಹಾಗಲ್ಲ, ಲೆಕ್ಕ ಪ್ರತಿ ಸಲವೂ ಮೊದಲಿನಿಂದ ಶುರು ಎಂಬುದನ್ನು ತಿಳಿಸಲು ಐದು ನಿಮಿಷದ ಹೊರರೋಗಿ ಭೇಟಿ ಸಾಲದು. ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಮಗುವಿಗೆ ಏನಾದರೂ ಆದರೆ ನಮ್ಮಲ್ಲಿ ಬೆರಳು ತೋರುವುದು ಸೊಸೆಯ ಕಡೆಗೆ: ಅವಳ ಕಾಲ್ಗುಣ, ಅವಳ ತವರಿನ ದೋಷ, ಗ್ರಹಣದಲ್ಲಿ ಹೊರಗೆ ಬಂದಳು. ‘ಎರಡು ಕಡೆಯಿಂದಲೂ ಸಮಪಾಲು ಬಂದಿದೆ, ಇದರಲ್ಲಿ ಯಾರ ತಪ್ಪೂ ಇಲ್ಲ’ ಎಂದು ಅತ್ತೆ ಮಾವನ ಎದುರಿಗೇ, ಹಾಳೆ ತೋರಿಸಿ ಹೇಳಬಲ್ಲವರು ಒಬ್ಬರಿದ್ದರೆ ಆ ಮನೆಯಲ್ಲಿ ಒಬ್ಬ ಹೆಣ್ಣುಮಗಳ ಬದುಕು ಹಗುರಾಗುತ್ತದೆ. ಇಷ್ಟೆಲ್ಲ ವರದಿಯಿಂದ ಆಗದು.

ಕರ್ನಾಟಕಕ್ಕೆ ಈ ಹುದ್ದೆ ಬೇರೆ ಬಹುತೇಕ ರಾಜ್ಯಗಳಿಗಿಂತ ಹೆಚ್ಚು ಅಗತ್ಯ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಲ್ಲಿ ಇಂದಿಗೂ ಸಹಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸರಿಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದ್ದು; ದೇಶದ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇದರ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ‘ಸಂಬಂಧದಲ್ಲಿ ಆದರೆ ಮಕ್ಕಳು ಅಂಗವಿಕಲರಾಗುತ್ತಾರೆ’ ಎಂಬ ಬೆದರಿಕೆ ಒಂದು. ‘ನಮ್ಮಜ್ಜ ಅಜ್ಜಿ ಆಗಿರಲಿಲ್ಲವೇ, ಏನಾಯಿತು?’ ಎಂಬ ಉಡಾಫೆ ಇನ್ನೊಂದು. ಎರಡೂ ಸುಳ್ಳು. ಯಾವುದೇ ದಂಪತಿಗೆ ಜನ್ಮಜಾತ ತೊಂದರೆಯಿರುವ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು. ಅತ್ತೆಯ ಮಕ್ಕಳು, ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಎಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನ ಜೊತೆಗಿನ ಮದುವೆಯಲ್ಲಿ ಇಬ್ಬರ ನಡುವೆ ಹಂಚಿಕೆಯಾಗಿರುವ ವಂಶವಾಹಿಗಳ ಪಾಲು ದುಪ್ಪಟ್ಟು. ಮನೆಯಲ್ಲಿ ಈಗಾಗಲೇ ಸುಪ್ತ ಕಾಯಿಲೆ ಕಾಣಿಸಿಕೊಂಡಿದ್ದರೆ ಲೆಕ್ಕವೇ ಬೇರೆ. ಅಪಾಯ ಒಬ್ಬೊಬ್ಬರ ಮನೆಗೆ ಒಂದೊಂದು ರೀತಿ ಇರುವಾಗ ಗೋಡೆಬರಹದ ಘೋಷಣೆಯಿಂದ ಪ್ರಯೋಜನವಿಲ್ಲ. ಆಯಾ ಮನೆಯ ಹಾಳೆ ಬರೆದೇ ಮಾತಾಡಬೇಕು.

ಇನ್ನೊಂದು ಮಾತು. ಸಂಬಂಧದಲ್ಲಿ ಕೊಡುವುದಿಲ್ಲ ಎಂದು ಶಪಥ ಮಾಡಿದವರೂ ಜಾತಿಯ ಒಳಗೇ ಕೊಡುತ್ತಾರೆ. ಶತಮಾನಗಳ ಕಾಲ ಒಳಗೊಳಗೇ ಮದುವೆಯಾಗುತ್ತ ಬಂದ ಗುಂಪಿನಲ್ಲಿ, ಮೂಲದ ಕೆಲವೇ ಪೂರ್ವಜರಲ್ಲಿದ್ದ ದೋಷ ಹಲವರಲ್ಲಿ ಹರಡಿಕೊಳ್ಳುತ್ತದೆ. ಹೈದರಾಬಾದಿನ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿದಾಗ, 81 ಗುಂಪುಗಳಲ್ಲಿ ಈ ಪರಿಣಾಮ ಅಶ್ಕೆನಾಝಿ ಯೆಹೂದಿಗಳಲ್ಲಿ ಇರುವುದಕ್ಕಿಂತ ಬಲವಾಗಿತ್ತು. ಅವರು ಕೊಟ್ಟ ಉದಾಹರಣೆ ವೈಶ್ಯ ಸಮುದಾಯದ್ದು. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನು ಕರಗಿಸುವ ಕಿಣ್ವದ ಕೊರತೆ ಈ ಸಮುದಾಯದಲ್ಲಿ ಉಳಿದವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಅಂಥ ರೋಗಿಗೆ ಗಂಟೆಗಟ್ಟಲೆ ಉಸಿರಾಟದ ಸ್ನಾಯುಗಳು ಕೆಲಸ ಮಾಡದೆ ಹೋಗಬಹುದು. ಅರಿವಳಿಕೆ ಕೊಡುವ ವೈದ್ಯರಿಗೆ ಇದು ಮೊದಲೇ ಗೊತ್ತಿದ್ದರೆ ಬೇರೆ ಔಷಧ ಬಳಸಿದರಾಯಿತು, ಅಷ್ಟೇ. ಮಾಹಿತಿ ಸರಿಯಾದ ಕಿವಿಗೆ ಬಿದ್ದರೆ ಜೀವ ಉಳಿಯುತ್ತದೆ, ಖರ್ಚೂ ಇಲ್ಲ.

ಸಂಶೋಧನೆ ಮುಗಿದ ಮೇಲೂ ಕುಟುಂಬದ ಪ್ರಶ್ನೆ ಮುಗಿಯುವುದಿಲ್ಲ ಎಂಬುದಕ್ಕೆ ಮಲೆನಾಡೇ ಸಾಕ್ಷಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದ ಕಾಯಿಲೆ ಸೊಂಟ ಮತ್ತು ಮಂಡಿಯ ಕೀಲುಗಳನ್ನು ಕೆಡಿಸಿ, ಬೆಳವಣಿಗೆ ಕುಂಠಿಸಿ, ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳನ್ನು ನೆಲಕಚ್ಚಿಸಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ದೇಹ ಸೇರಿ ಹೀಗಾಗಿದೆ ಎಂಬ ಅನುಮಾನ ಮೊದಲಲ್ಲಿ ಬಲವಾಗಿತ್ತು. ಮುಂದಿನ ಅಧ್ಯಯನಗಳು ಇದು ವಂಶದಲ್ಲಿ ಹರಿದುಬರುವ, ಒಬ್ಬ ಪೋಷಕರಿಂದ ಬಂದರೂ ಕಾಣಿಸಿಕೊಳ್ಳುವ ಮೂಳೆಯ ಕಾಯಿಲೆ ಎಂದವು. ವಿಜ್ಞಾನಕ್ಕೆ ಅದೊಂದು ಉತ್ತರ. ಆ ಮನೆಯ ಇಪ್ಪತ್ತರ ಹುಡುಗಿಗೆ ಅದು ಪ್ರಶ್ನೆಯ ಶುರು: ನನಗೂ ಬರುತ್ತದೆಯೇ, ಮದುವೆಯಾಗಬಹುದೇ, ಹುಟ್ಟುವ ಮಗುವಿಗೆ ಅರ್ಧಕ್ಕರ್ಧ ಸಂಭವ ಎಂದರೆ ಏನು, ಗದ್ದೆ ಕೆಲಸ ಬಿಟ್ಟರೆ ಕೀಲು ಉಳಿಯುತ್ತದೆಯೇ? ಇದಕ್ಕೆ ಉತ್ತರಿಸಲು ಒಮ್ಮೆ ಬಂದು ಹೋಗುವ ತಂಡದಿಂದ ಆಗದು. ಊರಿನ ಹತ್ತಿರದಲ್ಲೇ ವರ್ಷವಿಡೀ ಸಿಗುವ ಒಬ್ಬರು ಬೇಕು. ರಕ್ತದ ಮಾದರಿ ಕೊಟ್ಟವರಿಗೆ ಅದರ ಅರ್ಥ ತಿಳಿಸುವುದು ಉಪಕಾರವಲ್ಲ, ಸಂಶೋಧನೆಯ ಸಾಲ.

ತಿಳಿಸದೆ ಬರೀ ಪರೀಕ್ಷೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ನೋಡಿದೆ. ಗ್ರೀಸಿನ ಓರ್ಕೊಮೆನೋಸ್ ಎಂಬ ಊರಿನಲ್ಲಿ ಕುಡುಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ವಾಹಕರು ಹೆಚ್ಚು. ಅಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿ ಫಲಿತಾಂಶ ಕೊಟ್ಟರು. ವಾಹಕರಿಗೆ ಕಳಂಕ ಅಂಟಿಕೊಂಡಿತು. ಮದುವೆ ಮಾತುಕತೆಯಲ್ಲಿ ಜನ ವಿಷಯ ಮುಚ್ಚಿಟ್ಟರು. 1970ರ ದಶಕದಲ್ಲಿ ಹಿಂತಿರುಗಿ ನೋಡಿದಾಗ, ವಾಹಕರು ವಾಹಕರನ್ನೇ ಮದುವೆಯಾದ ಪ್ರಮಾಣ ಪರೀಕ್ಷೆಯೇ ನಡೆಯದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ಇತ್ತು. ಇದಕ್ಕೆ ತದ್ವಿರುದ್ಧದ ದಾರಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯೆಹೂದಿಗಳದ್ದು. ಟೇ-ಸ್ಯಾಕ್ಸ್ ಕಾಯಿಲೆಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್‌ಸ್ಟೈನ್ 1983ರಲ್ಲಿ ‘ದೋರ್ ಯೆಶೋರಿಮ್’ ಆರಂಭಿಸಿದರು. ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಒಂದು ಸಂಖ್ಯೆ ಕೊಡುತ್ತಾರೆ, ಫಲಿತಾಂಶ ಹೇಳುವುದಿಲ್ಲ. ಮದುವೆ ಮಾತು ಶುರುವಾದಾಗ ಎರಡೂ ಕಡೆಯ ಸಂಖ್ಯೆ ತಿಳಿಸಿದರೆ ‘ಕೂಡುತ್ತದೆ’ ಅಥವಾ ‘ಕೂಡುವುದಿಲ್ಲ’ ಎಂಬ ಉತ್ತರ ಸಿಗುತ್ತದೆ. ಯಾರೊಬ್ಬರ ಮೇಲೂ ಮುದ್ರೆ ಬೀಳುವುದಿಲ್ಲ. ತನ್ನ ದೇಹದ ಮಾಹಿತಿ ತನಗೇ ಸಿಗದ ಈ ವ್ಯವಸ್ಥೆಗೆ ಆಕ್ಷೇಪಗಳಿವೆ, ನಿಜ. ಆದರೆ ನಿಶ್ಚಯಿಸಿದ ಮದುವೆಗಳ ಸಮಾಜದಲ್ಲಿ ಗೌಪ್ಯತೆ ಎಷ್ಟು ಮುಖ್ಯ ಎಂಬುದನ್ನು ಅವರು ಅರ್ಥ ಮಾಡಿಕೊಂಡಿದ್ದರು.

ನಾವು ಯಾವ ದಾರಿ ಹಿಡಿಯುತ್ತೇವೆ ಎಂಬುದು ದೂರದ ಪ್ರಶ್ನೆಯಲ್ಲ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಮುಖ್ಯವಾಗಿ ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ಪರೀಕ್ಷೆಯ ಗುರಿ ಇಟ್ಟುಕೊಂಡಿತು. 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಇಲ್ಲಿ ಸೋಲಿಗರು, ಜೇನುಕುರುಬರಂಥ ಸಮುದಾಯಗಳು ಪರೀಕ್ಷೆಗೆ ಒಳಗಾಗುತ್ತಿವೆ. ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತಾರೆ. ಗಂಡು ಹೆಣ್ಣಿನ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಹುಟ್ಟುವ ಮಕ್ಕಳಿಗೆ ಏನು ಸಂಭವ ಎಂದು ತಿಳಿಯುವ ಜಾಣ ವಿನ್ಯಾಸ ಅದು. ಆದರೆ ವಾಹಕರಾಗಿರುವುದು ಕಾಯಿಲೆಯಲ್ಲ ಎಂಬುದನ್ನು ಹಾಡಿಯಲ್ಲಿ ಕೂತು ಮನದಟ್ಟು ಮಾಡುವವರಿಲ್ಲದಿದ್ದರೆ, ಅದೇ ಕಾರ್ಡು ಹುಡುಗಿಯೊಬ್ಬಳನ್ನು ಬೇಡವೆನ್ನಲು ಸಿಕ್ಕ ಸರ್ಕಾರಿ ದಾಖಲೆಯಾಗುತ್ತದೆ. ಓರ್ಕೊಮೆನೋಸ್‌ನಲ್ಲಿ ಆದದ್ದು ಇಲ್ಲಿ ಆಗಬಾರದು.

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡೋಣ. ರಕ್ತಹೀನತೆ, ಅಪೌಷ್ಟಿಕತೆಯನ್ನೇ ನೀಗದ ರಾಜ್ಯಕ್ಕೆ ಇದೊಂದು ಷೋಕಿಯಲ್ಲವೇ ಎನ್ನಬಹುದು. ಅಪರೂಪದ ಕಾಯಿಲೆಯ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡುವ ನೀತಿ ಕೇಂದ್ರದಲ್ಲಿದೆ. ಅಂಥ ಒಂದೇ ನೆರವಿನ ಹಣದಲ್ಲಿ ಒಬ್ಬ ಸಮಾಲೋಚಕರಿಗೆ ಹಲವು ವರ್ಷ ಸಂಬಳ ಕೊಡಬಹುದು. ವೈದ್ಯರೇ ಹೇಳಲಿ ಎಂಬುದು ಇನ್ನೊಂದು ಆಕ್ಷೇಪ. ನೂರು ರೋಗಿಗಳ ಸಾಲಿನೆದುರು ಕೂತ ಮಕ್ಕಳ ತಜ್ಞರಿಗೆ ಒಂದು ಕುಟುಂಬಕ್ಕೆ ಒಂದು ಗಂಟೆ ಎಲ್ಲಿಂದ ಬರಬೇಕು?

ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಎಂದು ಸರ್ಕಾರವೇ ತೀರ್ಮಾನಿಸುವ ದಾರಿ ಇದಲ್ಲವೇ? ‘ವಂಶಸುಧಾರಣೆ’ಯ ಹೆಸರಿನಲ್ಲಿ ಅಮೆರಿಕದ ರಾಜ್ಯಗಳು ಬಡವರಿಗೆ ಬಲವಂತವಾಗಿ ಸಂತಾನಹರಣ ಮಾಡಿದವು, 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿಯಿತು. 1933ರ ಕಾನೂನಿನಡಿ ನಾಜಿ ಜರ್ಮನಿ ಸುಮಾರು ನಾಲ್ಕು ಲಕ್ಷ ಜನರಿಗೆ ಅದನ್ನೇ ಮಾಡಿತು. 1947ರಲ್ಲಿ ‘ಜೆನೆಟಿಕ್ ಕೌನ್ಸೆಲಿಂಗ್’ ಎಂಬ ಹೆಸರನ್ನು ಚಲಾವಣೆಗೆ ತಂದ ಶೆಲ್ಡನ್ ರೀಡ್ ಈ ಇತಿಹಾಸದಿಂದ ದೂರ ಸರಿಯಲೆಂದೇ ಆ ಹೆಸರು ಆರಿಸಿಕೊಂಡರು. ಮಾಹಿತಿ ಕೊಡಬೇಕು, ಆಯ್ಕೆಗಳನ್ನು ಮುಂದಿಡಬೇಕು, ತೀರ್ಮಾನ ಕುಟುಂಬದ್ದು ಎಂಬುದು ಈ ವೃತ್ತಿಯ ಅಡಿಪಾಯ. ಬಸಿರಿನ 11ರಿಂದ 14ನೇ ವಾರದ ನಡುವೆ ಭ್ರೂಣದ ಪರೀಕ್ಷೆ ಸಾಧ್ಯ ಎಂಬುದನ್ನು ಹೇಳಬೇಕು. ಅದನ್ನು ಮಾಡಿಸದೆ ಮಗುವನ್ನು ಬರಮಾಡಿಕೊಳ್ಳುವ ದಂಪತಿಗೂ ಅಷ್ಟೇ ಆಸರೆಯಾಗಬೇಕು. ತರಬೇತಿಯೇ ಇಲ್ಲದವರ ಬಾಯಲ್ಲಿ ‘ಇನ್ನು ಮಕ್ಕಳು ಬೇಡ’ ಎಂಬ ಅಪ್ಪಣೆ ಬರುವ ಅಪಾಯ ಹೆಚ್ಚು. ಆದ್ದರಿಂದ ಈ ಭಯ ತರಬೇತಾದವರನ್ನು ನೇಮಿಸಲು ಕಾರಣವಾಗಬೇಕೇ ಹೊರತು ನೇಮಿಸದಿರಲು ಅಲ್ಲ.

ಹುದ್ದೆ ಕೂರಿಸಲು ಜಾಗವೂ ಈಗಾಗಲೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜನ್ಮದೋಷಗಳ ತಪಾಸಣೆಗೆಂದು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳಿವೆ. ಅಲ್ಲಿಗೊಬ್ಬರನ್ನು ನೇಮಿಸಿ, ಬೆಂಗಳೂರು ಮಣಿಪಾಲದ ತಜ್ಞರ ಜೊತೆ ಫೋನು, ವಿಡಿಯೊ ಮೂಲಕ ಸಂಪರ್ಕ ಕೊಟ್ಟರೆ ಸಾಕು. ಇದು ಆಗದ ಮಾತು ಎನ್ನುವವರು ತಮ್ಮ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ) ಕೋಣೆಯನ್ನು ನೆನೆಯಲಿ. ಎಚ್‌ಐವಿ ಬಂದಾಗ ಪರೀಕ್ಷೆಗೆ ಮೊದಲೂ ಆಮೇಲೂ ಮಾತಾಡುವ ಆಪ್ತಸಮಾಲೋಚಕರನ್ನು ಇದೇ ವ್ಯವಸ್ಥೆ ನೇಮಿಸಿತು. ಕಳಂಕ, ಗೌಪ್ಯತೆ, ಮನೆಯವರಿಗೆ ಹೇಳುವ ಕಷ್ಟ, ಎಲ್ಲವನ್ನೂ ಅವರು ಕನ್ನಡದಲ್ಲೇ ನಿಭಾಯಿಸಿದರು.

ಜೊತೆಗೆ ಕಾನೂನೂ ಬಿಗಿಯಾಗಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ‘ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರ’ ಎಂಬ ಹೆಸರು ಇದೆ. ಕೇಂದ್ರದ ನೋಂದಣಿಗೆ ನಿಯಮವಿದೆ. ಅಲ್ಲಿ ಕೂರುವ ಕೌನ್ಸೆಲರ್ ವೃತ್ತಿ ಮಾತ್ರ ಆರೋಗ್ಯ ಇಲಾಖೆಯ ನೇಮಕಾತಿಯಲ್ಲಿ ನೆಲೆ ಕಂಡಿಲ್ಲ. ವಂಶವಾಹಿಯ ನೆಪದಲ್ಲಿ ವಿಮೆ ನಿರಾಕರಿಸುವುದು ತಾರತಮ್ಯ ಎಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2023ರ ದತ್ತಾಂಶ ರಕ್ಷಣಾ ಕಾಯ್ದೆ ವಂಶವಾಹಿ ಮಾಹಿತಿಗೆಂದು ಪ್ರತ್ಯೇಕ ರಕ್ಷಣೆ ಕೊಟ್ಟಿಲ್ಲ. ಜನ ತಮ್ಮ ಮನೆಯ ಗುಟ್ಟನ್ನು ಬಿಚ್ಚಿಡಬೇಕಾದರೆ ಅದು ವಿಮಾ ಕಂಪನಿಗೂ ಬೀಗರಿಗೂ ತಲುಪುವುದಿಲ್ಲ ಎಂಬ ಭರವಸೆ ಬರಹದಲ್ಲಿರಬೇಕು.

ಮುಂದಿನ ಸಲ ಜೀನೋಮ್ ಯೋಜನೆಯೊಂದಕ್ಕೆ ಹಣ ಬಿಡುಗಡೆಯಾದ ಸುದ್ದಿ ಬಂದಾಗ ಎಷ್ಟು ಸಾವಿರ ಜನರ ಮಾದರಿ ಎಂದು ಕೇಳುವುದರ ಜೊತೆಗೆ ಎಷ್ಟು ಜನ ಸಮಾಲೋಚಕರು ಎಂದೂ ಕೇಳಬೇಕು. ಯಂತ್ರಕ್ಕೆ ಟೆಂಡರ್ ಕರೆಯುವ ಇಲಾಖೆಗೆ ಹುದ್ದೆ ಮಂಜೂರು ಮಾಡುವುದೂ ಗೊತ್ತಿದೆ. ಕೇಳುವವರಿಲ್ಲದ್ದರಿಂದ ಅದು ಇನ್ನೂ ಆಗಿಲ್ಲ.